ಕೆಂಪಿಲ್ಲದ ಕೆಂಪು ಹಕ್ಕಿ

ಈ ಚಳಿಗಾಲದಲ್ಲಿ ಬಿಳಿಗಿರಿರಂಗನ ಬೆಟ್ಟಕ್ಕೋ ಕೊಡಗಿಗೋ ಪ್ರವಾಸ ಹೋದರೆ ಕಾಡಂಚಿನ ಲಂಟಾನ ಪೊದೆಗಳ ಮೇಲೆ ಒಂದು ಕಣ್ಣಿಡಿ. ಗುಬ್ಬಚ್ಚಿಯಷ್ಟೇ ಗಾತ್ರ, ತಲೆ, ಎದೆ, ಬೆನ್ನಿನ ಕೆಳಭಾಗಕ್ಕೆ ಕುಂಕುಮ ಬಳಿದಂಥ ಬಣ್ಣ. ಇದು ರೋಸ್‌ಫಿಂಚ್. ಹಿಮಾಲಯದ ಎತ್ತರಗಳಲ್ಲಿ, ಅದರಾಚೆಯ ಉತ್ತರದ ನಾಡುಗಳಲ್ಲಿ ಮರಿ ಮಾಡಿ ಚಳಿಗೆ ನಮ್ಮಲ್ಲಿಗೆ ಬರುವ ಅತಿಥಿ.

ಆದರೆ ಕೆಂಪು ಬರುವುದು ಬೆಳೆದ ಗಂಡಿಗೆ ಮಾತ್ರ. ಹೆಣ್ಣು ಮಾಸಲು ಕಂದು. ಒಂದು ವರ್ಷದ ಗಂಡೂ ಥೇಟ್ ಹೆಣ್ಣಿನಂತೆಯೇ. ಆ ಕಂದು ವೇಷದಲ್ಲೇ ಹಾಡುತ್ತದೆ, ಜೋಡಿಯನ್ನೂ ಹುಡುಕುತ್ತದೆ! ಕೆಂಪು ಹಕ್ಕಿಯ ಫೋಟೋ ತೆಗೆದು, ಪಕ್ಕದಲ್ಲೇ ಕುಳಿತ ಏಳೆಂಟನ್ನು 'ಗುಬ್ಬಿ' ಎಂದು ಬರೆದುಕೊಂಡು ಬರುವವರೇ ಹೆಚ್ಚು. ಬಣ್ಣ ಬಿಡಿ, ಕೊಕ್ಕು ನೋಡಿ: ಗಿಡ್ಡ, ದಪ್ಪ, ಬೀಜ ಒಡೆಯುವ ಇಕ್ಕಳ. ಹೆಣ್ಣು ಗುಬ್ಬಿಗೆ ಕಣ್ಣಿನ ಹಿಂದೆ ತೆಳುಬಣ್ಣದ ಹುಬ್ಬಿದೆ, ಎದೆಯಲ್ಲಿ ಗೀರಿಲ್ಲ. ಹೆಣ್ಣು ರೋಸ್‌ಫಿಂಚಿಗೆ ಹುಬ್ಬಿಲ್ಲ, ಎದೆ ತುಂಬ ಗೀರು. ಬೋಳು ಮುಖದಲ್ಲಿ ಕಣ್ಣು ಕರಿಮಣಿಯಂತೆ ಎದ್ದು ಕಾಣುತ್ತದೆ. ಬಾಲದ ತುದಿ ತುಸು ಕವಲು.

ಆದ್ದರಿಂದ ಒಂದೇ ಚಿತ್ರ ಸಾಲದು. ಪಕ್ಕದಿಂದ ಒಂದು, ಎದೆ ಕಾಣುವಂತೆ ಒಂದು, ಸಾಧ್ಯವಾದರೆ ಬಾಲದ್ದೊಂದು ತೆಗೆಯಿರಿ. ಬೆಳಗಿನ ಎಳೆಬಿಸಿಲು ನಿಮ್ಮ ಬೆನ್ನಿಗಿರಲಿ. ನಡು ಮಧ್ಯಾಹ್ನದ ಬಿಸಿಲಲ್ಲಿ ಕೆಂಪು ಬಣ್ಣ ಕ್ಯಾಮೆರಾದಲ್ಲಿ ಮೆತ್ತಿಕೊಂಡು ಗರಿಯ ಎಳೆಗಳೇ ಅಳಿಸಿಹೋಗುತ್ತವೆ. ಆಕಾಶದ ಎದುರು ಕುಳಿತ ಹಕ್ಕಿ ಕಪ್ಪಾಗಿ ಬರುತ್ತದೆ. ಆಗ ಎಕ್ಸ್‌ಪೋಷರ್ ಒಂದು ಮೆಟ್ಟಿಲು ಏರಿಸಿ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಹತ್ತಿರ ಕರೆಯುವ ಚಾಳಿ ಮಾತ್ರ ಬೇಡ. ಉಂಡು ಕೊಬ್ಬು ಕೂಡಿಸಿ ಹಿಮಾಲಯಕ್ಕೆ ಹಾರಬೇಕಾದ ಜೀವದ ಹೊತ್ತನ್ನು ನಾವು ಕದಿಯಬಾರದು.

'ಹಿಡಿದು ಸಾಕಿದರೆ ದಿನಾ ನೋಡಬಹುದಲ್ಲ ಸಾರ್?' ಎಂದು ಕೇಳುವ ಮಕ್ಕಳಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ಅಡ್ಡ ಬರುತ್ತದೆ, ರಸಾಯನಶಾಸ್ತ್ರವೂ ಬರುತ್ತದೆ. ಈ ಕೆಂಪನ್ನು ಹಕ್ಕಿಯ ದೇಹ ಊಟದಲ್ಲಿ ಸಿಗುವ ಕೆರೋಟಿನಾಯ್ಡ್‌ಗಳಿಂದ ತಯಾರಿಸುತ್ತದೆ. ಪಂಜರದ ಕಾಳು ತಿಂದು ಗರಿ ಬದಲಿಸಿದರೆ ಕುಂಕುಮ ಹೋಗಿ ಹಳದಿ ಉಳಿಯುತ್ತದೆ.

ಬಿದಿರಕ್ಕಿ ಎಂದರೆ ಇವಕ್ಕೆ ಹಬ್ಬದೂಟ. ನಿಮ್ಮ ಸೀಮೆಯಲ್ಲಿ ಬಿದಿರು ಹೂ ಬಿಟ್ಟು ಅಕ್ಕಿ ಕಟ್ಟಿದ್ದರೆ ಹುಡುಕಾಟ ಅಲ್ಲಿಂದಲೇ ಶುರುವಾಗಲಿ. ಆನೆಗೂ ಬಿದಿರು ಇಷ್ಟ. ಪಾಲಕರು ಅರಣ್ಯ ಇಲಾಖೆಯವರನ್ನು ವಿಚಾರಿಸಿಕೊಂಡೇ ಮಕ್ಕಳನ್ನು ಕರೆದೊಯ್ಯಿರಿ.