ಲ್ಯಾಬಿನ ಚೀಟಿ ತೀರ್ಪಲ್ಲ ಸ್ವಾಮಿ!

ಬಸ್ ಸ್ಟ್ಯಾಂಡಿನ ಸುತ್ತ ಎಲ್ಲಿ ನೋಡಿದರೂ ‘ಫುಲ್ ಬಾಡಿ ಚೆಕಪ್’ ಬೋರ್ಡು. ಐವತ್ತು ದಾಟಿದ ಗಂಡಸರ ಪ್ಯಾಕೇಜಿನಲ್ಲಿ ಪಿಎಸ್‌ಎ ಅಂತ ಒಂದು ರಕ್ತಪರೀಕ್ಷೆ ಸೇರಿಸಿರುತ್ತಾರೆ. ಸಂಜೆಗೆ ಚೀಟಿ ಕೈಗೆ. ಅಂಕಿ 4ರ ಮೇಲಿದ್ದರೆ ಮುಗೀತು, ‘ಕ್ಯಾನ್ಸರ್ ಅಂತೆ’ ಎಂದು ಮನೆಮಂದಿಗೆಲ್ಲ ನಿದ್ದೆಯಿಲ್ಲ.

ಏನಿದು ಪಿಎಸ್‌ಎ? ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಒಂದು ಪ್ರೋಟೀನು. ಆರೋಗ್ಯವಂತರ ರಕ್ತದಲ್ಲೂ ಸ್ವಲ್ಪ ಇರುತ್ತದೆ. ವಯಸ್ಸಾಗಿ ಗ್ರಂಥಿ ದೊಡ್ಡದಾದರೂ ಏರುತ್ತದೆ, ಮೂತ್ರದ ಸೋಂಕಾದರೂ ಏರುತ್ತದೆ. ಇದು ಗ್ರಂಥಿಯ ಗುರುತೇ ಹೊರತು ಕ್ಯಾನ್ಸರಿನ ಗುರುತಲ್ಲ. 4ರಿಂದ 10ರೊಳಗೆ ಬಂದವರಿಗೆ ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಸಿಗೋದು ಸುಮಾರು ನಾಲ್ವರಲ್ಲಿ ಒಬ್ಬರಿಗೆ.

ಹಾಗಂತ ಕಮ್ಮಿ ಬಂದವರು ಮಿಠಾಯಿ ಹಂಚೋ ಹಾಗೂ ಇಲ್ಲ. 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 4ರೊಳಗಿದ್ದ 100 ಮಂದಿಯಲ್ಲಿ 15 ಮಂದಿಗೆ ಬಯಾಪ್ಸಿಯಲ್ಲಿ ಕ್ಯಾನ್ಸರ್ ಕಂಡಿತು!

ಅಮೆರಿಕ ಸರ್ಕಾರ 1986ರಲ್ಲಿ ಈ ಪರೀಕ್ಷೆಗೆ ಒಪ್ಪಿಗೆ ಕೊಟ್ಟದ್ದು ರೋಗ ಖಚಿತವಾದವರ ಮೇಲೆ ನಿಗಾ ಇಡಲು. ಆ ಕೆಲಸಕ್ಕೆ ಇವತ್ತಿಗೂ ಇದು ಉಪಯುಕ್ತ. ರೋಗ ಪತ್ತೆಗೆ ಒಪ್ಪಿಗೆ ಬಂದದ್ದು 1994ರಲ್ಲಿ. 1970ರಲ್ಲೇ ಪ್ರಾಸ್ಟೇಟ್ ಆಂಟಿಜೆನ್ ಗುರುತಿಸಿದ ವಿಜ್ಞಾನಿ ರಿಚರ್ಡ್ ಅಬ್ಲಿನ್ ಅವರೇ 2010ರಲ್ಲಿ ಪತ್ರಿಕೆಗೆ ಬರೆದು, ಇದು ನಾಣ್ಯ ಚಿಮ್ಮಿ ನೋಡಿದ್ದಕ್ಕಿಂತ ಹೆಚ್ಚೇನಲ್ಲ ಎಂದರು.

‘ನೋಡಿಸಿದರೆ ನಷ್ಟವೇನು?’ ಅನ್ನಬಹುದು. ನಷ್ಟ ಇದೆ. ಈ ಕ್ಯಾನ್ಸರುಗಳಲ್ಲಿ ಎಷ್ಟೋ ತೀರಾ ನಿಧಾನ, ಜೀವಮಾನವಿಡೀ ಕಾಟ ಕೊಡದಂಥವು. ಹೆದರಿ ಅವಸರದಲ್ಲಿ ಆಪರೇಷನ್ ಮಾಡಿಸಿಕೊಂಡರೆ ಮೂತ್ರ ಹಿಡಿತ ತಪ್ಪಬಹುದು, ಗಂಡಸುತನಕ್ಕೂ ಪೆಟ್ಟು ಬೀಳಬಹುದು. ಅಂಗಡಿ ಗಲ್ಲಾದ ಮೇಲೆ ಕೂತು ದುಡಿಯುವವನಿಗೆ ಇದು ಸಣ್ಣ ಮಾತೇ?

ಪರೀಕ್ಷೆಯೇ ಬೇಡ ಎಂಬುದು ನಮ್ಮ ವಾದವಲ್ಲ. ತಂದೆಗೋ ಅಣ್ಣತಮ್ಮಂದಿರಿಗೋ ಈ ರೋಗ ಇದ್ದವರು, ಮೂತ್ರದಲ್ಲಿ ರಕ್ತ ಕಂಡವರು ಡಾಕ್ಟರ ಹತ್ತಿರ ಹೋಗಲೇಬೇಕು. ಉಳಿದವರು ರಕ್ತ ಕೊಡುವ ಮೊದಲು ಡಾಕ್ಟರನ್ನು ಕೇಳಲಿ. ಅಂಕಿ ಏರಿದ್ದರೆ ಕೆಲ ವಾರ ಬಿಟ್ಟು ಮತ್ತೊಮ್ಮೆ ನೋಡಿಸಲಿ. ಬೇಕಾದರೆ ಎಂಆರ್‌ಐ, ಆಮೇಲೆ ಬಯಾಪ್ಸಿ.

ಲ್ಯಾಬಿನವರಿಗೆ ಒಂದೇ ಮಾತು: ‘ಈ ಅಂಕಿ ಮಾತ್ರದಿಂದ ಕ್ಯಾನ್ಸರ್ ಇದೆ ಎಂದಾಗಲಿ ಇಲ್ಲ ಎಂದಾಗಲಿ ಹೇಳಲಾಗದು’ ಅಂತ ಚೀಟಿಯ ಕೆಳಗೆ ಕನ್ನಡದಲ್ಲಿ ಅಚ್ಚು ಹಾಕಿಸಿ. ಖರ್ಚೇನೂ ಆಗೋದಿಲ್ಲ. ಆರೋಗ್ಯ ಇಲಾಖೆಯವರು ಇದನ್ನು ಮಾಡಿಸುವರೇ?