ಮೊದಲು ಯಥಾಪ್ರತಿ, ಆಮೇಲೆ ಪರಿವರ್ತನೆ

ಗಣಕಯಂತ್ರದಲ್ಲಿ ಕಡತವೊಂದನ್ನು ನಕಲು ಮಾಡುವುದು ಇಂದು ಅತಿ ಸುಲಭವಾದ ಕೆಲಸ. ತೆರೆಯ ಮೇಲಿನ ಚಿತ್ರವನ್ನು ಎಳೆದು ಬೇರೊಂದು ಕಡೆ ಬಿಟ್ಟರೆ ನಕಲು ಸಿದ್ಧವಾಗುತ್ತದೆ. ಹೀಗಿರುವಾಗ, ಆಜ್ಞೆಯನ್ನು ಅಕ್ಷರಶಃ ಟೈಪು ಮಾಡಿ ನಡೆಸಬೇಕಾದ ‘ಡಿಡಿ’ ಎಂಬ ಹಳೆಯ ಉಪಕರಣವನ್ನು ವಿದ್ಯಾರ್ಥಿಗಳು ಏಕೆ ಕಲಿಯಬೇಕೆಂದು ಯಾರಾದರೂ ಕೇಳಿದರೆ ಆಶ್ಚರ್ಯವಿಲ್ಲ. ಕಲಿಯಲೇಬೇಕೆಂಬುದು ನನ್ನ ಅಭಿಪ್ರಾಯ. ನಕಲು ಮಾಡುವುದು ಬೇರೆ, ಪರಿವರ್ತಿಸುವುದು ಬೇರೆ ಎಂಬ ವಿವೇಕವು ವಿಜ್ಞಾನಕ್ಕೆ ಅತ್ಯಾವಶ್ಯಕವಾದುದು. ಅದನ್ನು ಇಷ್ಟು ಸ್ಪಷ್ಟವಾಗಿ ಮನಗಾಣಿಸುವ ಉಪಕರಣಗಳು ವಿರಳ.

ಡಿಡಿ ಹುಟ್ಟಿದುದು ಅಮೆರಿಕದ ಬೆಲ್ ಪ್ರಯೋಗಶಾಲೆಯ ಯೂನಿಕ್ಸ್ ವ್ಯವಸ್ಥೆಯಲ್ಲಿ. ೧೯೭೪ರ ಐದನೆಯ ಆವೃತ್ತಿಯಲ್ಲಿ ಅದು ಕಾಣಿಸಿಕೊಂಡಿತು. ಆ ಕಾಲದಲ್ಲಿ ಒಂದು ಯಂತ್ರದ ಮಾಹಿತಿ ಇನ್ನೊಂದಕ್ಕೆ ಬಹುಮಟ್ಟಿಗೆ ಮ್ಯಾಗ್ನೆಟಿಕ್ ಟೇಪಿನ ಮೂಲಕ ಹೋಗಬೇಕಾಗಿದ್ದಿತು. ಆದರೆ ಎಲ್ಲ ಯಂತ್ರಗಳೂ ಅಕ್ಷರಗಳನ್ನು ಒಂದೇ ಸಂಖ್ಯೆಯಿಂದ ಗುರುತಿಸುತ್ತಿರಲಿಲ್ಲ. ೧೯೬೩ರಲ್ಲಿ ಪ್ರಕಟವಾದ ‘ಆಸ್ಕಿ’ ಸಂಕೇತದಲ್ಲಿ ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರಕ್ಕೆ ೬೫ ಎಂಬ ಸಂಖ್ಯೆ. ೧೯೬೪ರಲ್ಲಿ ಐಬಿಎಂ ಸಂಸ್ಥೆ ಘೋಷಿಸಿದ ಸಿಸ್ಟಂ-೩೬೦ ಯಂತ್ರಗಳ ‘ಎಬ್ಸಿಡಿಕ್’ ಸಂಕೇತದಲ್ಲಿ ಅದೇ ಅಕ್ಷರಕ್ಕೆ ೧೯೩. ಒಂದು ಕಡೆಯ ಬರಹ ಮತ್ತೊಂದು ಕಡೆ ಅರ್ಥವಾಗಬೇಕಾದರೆ ನಕಲಿನ ಜೊತೆಗೆ ಪರಿವರ್ತನೆಯೂ ಬೇಕು. ಈ ಎರಡು ಕೆಲಸಗಳಿಗೂ ಒದಗುವ ಡಿಡಿ ಇಂದಿಗೂ ಲಿನಕ್ಸ್ ಮತ್ತು ಮ್ಯಾಕ್ ಯಂತ್ರಗಳಲ್ಲಿ ದೊರೆಯುತ್ತದೆ.

ಅದರ ಕ್ರಮ ಸರಳವಾದುದು. ‘ಐಎಫ್’ ಎಂದರೆ ಓದಬೇಕಾದ ಮೂಲ. ‘ಓಎಫ್’ ಎಂದರೆ ಬರೆಯಬೇಕಾದ ಸ್ಥಳ. ‘ಬಿಎಸ್’ ಎಂದರೆ ಒಂದು ಸಲಕ್ಕೆ ಎಷ್ಟು ಬೈಟುಗಳ ಕಟ್ಟನ್ನು ಎತ್ತಿಕೊಳ್ಳಬೇಕೆಂಬ ಲೆಕ್ಕ. ನಾವು ಲೆಕ್ಕ ಹೇಳದಿದ್ದರೆ ಅದು ೫೧೨ ಬೈಟುಗಳನ್ನು ಎತ್ತಿಕೊಳ್ಳುತ್ತದೆ. ೧೦೦೦ ಬೈಟುಗಳ ಕಡತವಿದೆ ಎಂದಿಟ್ಟುಕೊಳ್ಳೋಣ. ಆಗ ಪೂರ್ಣವಾದ ಕಟ್ಟು ಒಂದು, ೪೮೮ ಬೈಟುಗಳ ಅಪೂರ್ಣವಾದ ಕಟ್ಟು ಒಂದು. ಕೆಲಸ ಮುಗಿದೊಡನೆ ಡಿಡಿಯು ಓದಿದುದು ‘೧+೧’, ಬರೆದುದು ‘೧+೧’ ಎಂದು ವರದಿ ಒಪ್ಪಿಸುತ್ತದೆ. ನಾವು ಪರಿವರ್ತನೆಯನ್ನು ಕೇಳದಿದ್ದರೆ ಒಂದು ಬೈಟನ್ನೂ ಅದು ಬದಲಿಸುವುದಿಲ್ಲ. ಒಳಗಿರುವುದು ಕವಿತೆಯೋ, ಚಿತ್ರವೋ, ಅಳತೆಯ ಕೋಷ್ಟಕವೋ ಎಂಬುದು ಅದಕ್ಕೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ.

ಪರಿವರ್ತನೆ ಬೇಕಾದರೆ ‘ಕಾನ್ವ್’ ಎಂಬ ಪದವನ್ನು ಸೇರಿಸಬೇಕು. ಎಚ್ಚರ ಬೇಕಾದುದು ಇಲ್ಲಿಯೇ. ಉಪಕರಣವೊಂದು ಕಣಗಳನ್ನು ಎಣಿಸಿ, ಒಂದು ಬೈಟಿನಲ್ಲಿ ೧೯೩ ಎಂದು ದಾಖಲಿಸಿದೆ ಎಂದು ಭಾವಿಸಿ. ಆ ಕಡತವನ್ನು ಎಬ್ಸಿಡಿಕ್ ಬರಹವೆಂದು ತಪ್ಪಾಗಿ ತಿಳಿದು ಆಸ್ಕಿಗೆ ಪರಿವರ್ತಿಸಿದರೆ ೧೯೩ ಹೋಗಿ ೬೫ ಆಗುತ್ತದೆ! ಯಂತ್ರ ಕೆಡಲಿಲ್ಲ, ಆಜ್ಞೆ ವಿಫಲವಾಗಲಿಲ್ಲ, ‘೧+೧’ ಎಂಬ ವರದಿಯೂ ಸರಿಯಾಗಿಯೇ ಬಂದಿತು. ಆದರೆ ಅಳತೆ ಸುಳ್ಳಾಯಿತು. ಬೈಟಿಗೆ ತನ್ನಷ್ಟಕ್ಕೆ ಅರ್ಥವಿಲ್ಲ. ಅರ್ಥವನ್ನು ಕೊಡುವವರು ನಾವು. ಆದುದರಿಂದ ಮೂಲದ ಯಥಾಪ್ರತಿಯನ್ನು ಮೊದಲು ತೆಗೆದಿಟ್ಟು, ಪರಿವರ್ತನೆಯನ್ನು ಇನ್ನೊಂದು ಪ್ರತಿಯ ಮೇಲೆಯೇ ನಡೆಸಬೇಕು.

ಈ ಮಾತು ಕನ್ನಡಕ್ಕೂ ಅನ್ವಯಿಸುತ್ತದೆ. ಯೂನಿಕೋಡಿನ ‘ಯುಟಿಎಫ್-೮’ ಕ್ರಮದಲ್ಲಿ ‘ಕ’ ಎಂಬ ಒಂದೇ ಅಕ್ಷರವು ೨೨೪, ೧೭೮, ೧೪೯ ಎಂಬ ಮೂರು ಬೈಟುಗಳಾಗಿ ನಿಲ್ಲುತ್ತದೆ. ಅವುಗಳಲ್ಲಿ ಎರಡನ್ನು ಮಾತ್ರ ನಕಲು ಮಾಡಿದರೆ ಅರ್ಧ ‘ಕ’ ಉಳಿಯುವುದಿಲ್ಲ. ಯಾವ ಅಕ್ಷರವೂ ಉಳಿಯುವುದಿಲ್ಲ. ಯೂನಿಕೋಡ್ ರೂಢಿಗೆ ಬರುವ ಮೊದಲು ಬೇರೆ ಸಂಕೇತಗಳಲ್ಲಿ ಟೈಪಾದ ಕನ್ನಡ ಕಡತಗಳು ಇನ್ನೂ ಅನೇಕರ ಬಳಿ ಇವೆ. ಅವುಗಳ ಪರಿವರ್ತನೆ ಡಿಡಿಯಿಂದ ಆಗತಕ್ಕ ಕೆಲಸವಲ್ಲ, ಅದಕ್ಕೆ ಬೇರೆ ಸಾಧನಗಳು ಬೇಕು. ಆದರೆ ಪರಿವರ್ತನೆಯ ಬಳಿಕ ಒತ್ತಕ್ಷರವೊಂದು ತಪ್ಪಿದ್ದು ಕಂಡುಬಂದಾಗ ಹಿಂದಿರುಗಿ ನೋಡಲು ಮೂಲವೇ ಇಲ್ಲವಾದರೆ, ನಷ್ಟವನ್ನು ತುಂಬುವವರಾರು?

ಹಾನಿಗೊಂಡ ಡಿಸ್ಕನ್ನು ಓದುವಾಗ ಡಿಡಿ ಇನ್ನೊಂದು ಪಾಠವನ್ನು ಕಲಿಸುತ್ತದೆ. ಸಾಮಾನ್ಯವಾಗಿ ಓದಲಾಗದ ಸ್ಥಳ ಬಂದೊಡನೆ ಅದು ನಿಂತುಬಿಡುತ್ತದೆ. ‘ನೋಎರರ್’ ಎಂದರೆ ಮುಂದುವರಿಯುತ್ತದೆ; ಅದರೊಡನೆ ‘ಸಿಂಕ್’ ಎಂದೂ ಹೇಳಿದರೆ ಓದಲಾಗದ ಕಟ್ಟಿನ ಸ್ಥಾನವನ್ನು ಸೊನ್ನೆಗಳಿಂದ ತುಂಬಿ, ಮುಂದಿನ ಬೈಟುಗಳು ತಮ್ಮ ತಮ್ಮ ಸ್ಥಾನದಲ್ಲಿಯೇ ಉಳಿಯುವಂತೆ ನೋಡಿಕೊಳ್ಳುತ್ತದೆ. ಪ್ರಯೋಗದ ಪುಸ್ತಕದಲ್ಲಿಯೂ ಇದೇ ನ್ಯಾಯ. ಒಂದು ವಾಚನ ತಪ್ಪಿಹೋದರೆ ಅದರ ಜಾಗವನ್ನು ಬಿಟ್ಟು ಮುಂದುವರಿಯಬೇಕೇ ಹೊರತು, ಕೆಳಗಿನವನ್ನು ಮೇಲಕ್ಕೆ ಸರಿಸಿ ಕೋಷ್ಟಕವನ್ನು ಅಂದಗೊಳಿಸಬಾರದು. ಆದರೆ ಹಾಗೆ ತುಂಬಿದ ಸೊನ್ನೆ ಅಳತೆಯ ಸೊನ್ನೆಯಲ್ಲವೆಂಬುದನ್ನು ಪಕ್ಕದಲ್ಲಿ ಬರೆದಿಡಲು ಮರೆಯಬಾರದು.

ಡಿಡಿ ಅಪಾಯಕಾರಿ ಎಂಬ ಆಕ್ಷೇಪಣೆಯಿದೆ. ಅದು ನಿಜವೂ ಹೌದು. ಎರಡು ಡಿಸ್ಕುಗಳ ಹೆಸರುಗಳನ್ನು ಅದಲುಬದಲಾಗಿ ಬರೆದರೆ ಬರಿದಾದ ಡಿಸ್ಕಿನ ಶೂನ್ಯವೆಲ್ಲ ತುಂಬಿದ ಡಿಸ್ಕಿನ ಮೇಲೆ ಮುದ್ರಿತವಾಗುತ್ತದೆ. ‘ನಿಶ್ಚಯವೇ?’ ಎಂದು ಅದು ಒಮ್ಮೆಯೂ ಕೇಳುವುದಿಲ್ಲ. ‘ಡಿಸ್ಕ್ ನಾಶಕ’ ಎಂಬ ಅಡ್ಡಹೆಸರು ಅದಕ್ಕೆ ಸುಮ್ಮನೆ ಬಂದುದಲ್ಲ. ಆದರೆ ಆಮ್ಮೀಟರನ್ನು ನೇರವಾಗಿ ಬ್ಯಾಟರಿಯ ಎರಡು ತುದಿಗಳಿಗೆ ಜೋಡಿಸಿದರೆ ಅದು ಸುಟ್ಟುಹೋದೀತೆಂದು ನಾವು ಆಮ್ಮೀಟರನ್ನೇ ಪ್ರಯೋಗಶಾಲೆಯಿಂದ ಹೊರಗಿಡುತ್ತೇವೆಯೇ? ಮೊದಲು ಮಂಡಲದ ಚಿತ್ರವನ್ನು ಬರೆಯಿಸಿ, ಜೋಡಣೆಯನ್ನು ಪರೀಕ್ಷಿಸಿ, ಆ ಬಳಿಕವೇ ಕೀಲಿಯನ್ನು ಒತ್ತಲು ಬಿಡುತ್ತೇವೆ. ಇಲ್ಲಿಯೂ ಅದೇ ಶಿಸ್ತು ಸಾಕು.

ನನ್ನ ಸೂಚನೆ ದೊಡ್ಡದೇನೂ ಅಲ್ಲ. ಕಾಲೇಜುಗಳ ಗಣಕ ಪ್ರಯೋಗಶಾಲೆಯಲ್ಲಿ ಇದಕ್ಕಾಗಿ ಒಂದು ಮಧ್ಯಾಹ್ನವನ್ನು ಮೀಸಲಿಡಲಿ. ಡಿಸ್ಕುಗಳನ್ನು ಮುಟ್ಟದೆ, ಚಿಕ್ಕ ಕಡತಗಳ ಮೇಲೆಯೇ ಅಭ್ಯಾಸ ನಡೆಯಲಿ. ವಿದ್ಯಾರ್ಥಿಗಳು ಒಂದು ಕಡತದ ಯಥಾಪ್ರತಿಯನ್ನು ತೆಗೆದು, ‘ಸಿಎಂಪಿ’ ಎಂಬ ಆಜ್ಞೆಯಿಂದ ಮೂಲದೊಡನೆ ಹೋಲಿಸಲಿ. ಎರಡೂ ಒಂದೇ ಆಗಿದ್ದರೆ ಅದು ಮೌನವಾಗಿರುತ್ತದೆ. ಅನಂತರ ಇನ್ನೊಂದು ಪ್ರತಿಯನ್ನು ಪರಿವರ್ತಿಸಿ, ಯಾವ ಬೈಟು ಏನಾಯಿತೆಂದು ಪುಸ್ತಕದಲ್ಲಿ ಬರೆಯಲಿ. ಮುಂದೆ ಅವರಲ್ಲಿ ಕೆಲವರು ಡಿಡಿಯನ್ನು ಮತ್ತೆ ಬಳಸದೆಯೂ ಇರಬಹುದು. ಆದರೆ ತಮ್ಮ ಕೈಯಲ್ಲಿರುವ ಅಂಕಿ ಮೂಲವೋ ಪರಿವರ್ತಿತವೋ ಎಂದು ವಿಚಾರಿಸುವ ಅಭ್ಯಾಸವೊಂದು ಅವರಲ್ಲಿ ಉಳಿದರೆ ಆ ಮಧ್ಯಾಹ್ನ ಸಾರ್ಥಕವಾದಂತೆ.