ಕೃಷಿ ಪಾಠ ನಮ್ಮ ಹೊತ್ತಿಗೆ ಸಿಗಲಿ

ದೂರದರ್ಶನದ ಕೃಷಿ ಕಾರ್ಯಕ್ರಮಗಳು ನಮಗಾಗಿಯೇ ಇವೆ. ಆದರೆ ಅವುಗಳ ಹೊತ್ತು ನಮ್ಮ ಕೈಯಲ್ಲಿಲ್ಲ. ಮುಳಬಾಗಿಲು ತಾಲ್ಲೂಕಿನ ತಾಯಲೂರಿನ ಕಡೆಯ ರೈತ ಬಾಂಧವರಿಗೆ ಹಾಲು ಕರೆದು ಡೇರಿಗೆ ಹಾಕುವ ಅವಸರ. ಕಾಫಿ, ಅಡಿಕೆ ಬೆಳೆಯುವ ನಮಗೆ ಕೊಯ್ಲು, ಸುಲಿತದ ಅವಸರ. ಬೆಳೆ ಬೇರೆಯಾದರೂ ತೊಡಕು ಒಂದೇ. ಕೈಕಾಲು ತೊಳೆದು ಕುಳಿತುಕೊಳ್ಳುವಷ್ಟರಲ್ಲಿ ಪಾಠ ಮುಗಿದಿರುತ್ತದೆ.

1975ರ ಆಗಸ್ಟಿನಿಂದ ಒಂದು ವರ್ಷ ನಡೆದ 'ಸೈಟ್' ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಬಂತು. ನಮ್ಮ ರಾಜ್ಯದ ರಾಯಚೂರು, ಬಿಜಾಪುರ, ಗುಲ್ಬರ್ಗಾ ಜಿಲ್ಲೆಗಳೂ ಅದರಲ್ಲಿದ್ದವು. ಅಂದು ಊರವರೆಲ್ಲ ಗೊತ್ತಾದ ಹೊತ್ತಿಗೆ ಒಂದೇ ಪೆಟ್ಟಿಗೆಯ ಮುಂದೆ ಸೇರಬೇಕಿತ್ತು. ಇಂದು ಆ ಕಟ್ಟುಪಾಡು ಬೇಕಿಲ್ಲ.

ಡಿ.ಡಿ. ಫ್ರೀ ಡಿಶ್‌ನಲ್ಲಿ ಚಂದನ ವಾಹಿನಿ ಮಾಸಿಕ ಶುಲ್ಕವಿಲ್ಲದೆ ಬರುತ್ತದೆ. ತಟ್ಟೆಯ ಕೇಬಲನ್ನು ಉಪಗ್ರಹ ಟ್ಯೂನರಿನ ಮೂಲಕ ಮನೆಯ ಕಂಪ್ಯೂಟರಿಗೆ ಜೋಡಿಸಿ, ಉಚಿತವಾಗಿ ದೊರೆಯುವ 'ಟಿವಿಹೆಡ್‌ಎಂಡ್'ನಂಥ ತಂತ್ರಾಂಶಕ್ಕೆ ವೇಳೆ ತಿಳಿಸಿಟ್ಟರೆ ಕಾರ್ಯಕ್ರಮ ತಾನಾಗಿ ದಾಖಲಾಗುತ್ತದೆ. ಸೆಕೆಂಡಿಗೆ 4 ಮೆಗಾಬಿಟ್ ಲೆಕ್ಕದಲ್ಲಿ ಅರ್ಧ ಗಂಟೆಗೆ ಬೇಕಾಗುವ ಜಾಗ ಸುಮಾರು 900 ಮೆಗಾಬೈಟ್. ಕರೆಂಟು ಹೋದರೆ ದಾಖಲೆ ನಿಲ್ಲುತ್ತದೆ, ಯು.ಪಿ.ಎಸ್. ಇರಬೇಕು. ದಾಖಲಾದುದನ್ನು ಮನೆಯ ವೈ-ಫೈ ಮೂಲಕ ಫೋನಿನಲ್ಲಿ ನೋಡಬಹುದು. ಇದಕ್ಕೆ ಇಂಟರ್‌ನೆಟ್ ಬೇಡ. ಸಿಗ್ನಲ್ ಸಿಗದ ಮಲೆನಾಡಿನ ಒಂಟಿಮನೆಗೆ ಇದಕ್ಕಿಂತ ದೊಡ್ಡ ಅನುಕೂಲ ಯಾವುದು?

ವಾಟ್ಸ್‌ಆಪ್‌ನಲ್ಲಿ ತುಣುಕುಗಳು ಬರುತ್ತವಲ್ಲ ಎನ್ನುವವರುಂಟು. ತುಣುಕಿನಲ್ಲಿ ತಲೆಯಿದ್ದರೆ ಬಾಲವಿಲ್ಲ. ಕೊಳೆರೋಗಕ್ಕೆ ಸಿಂಪಡಿಸುವ ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂಬಷ್ಟೇ ತಿಳಿದರೆ ಸಾಲದು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕೇ ಹೊರತು ಸುಣ್ಣದ ನೀರನ್ನು ಅದಕ್ಕೆ ಸುರಿಯಬಾರದು. ಕಬ್ಬಿಣದ ಪಾತ್ರೆ ಕೂಡದು. ಅದ್ದಿದ ಚಾಕುವಿಗೆ ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಇಡೀ ಪಾಠ ಫೋನಿನಲ್ಲಿದ್ದರೆ ಅಂಗಳದಲ್ಲಿ ಬೆರೆಸುವಾಗಲೇ ಎರಡೆರಡು ಬಾರಿ ನೋಡಿಕೊಳ್ಳಬಹುದು. ತಪ್ಪಿದರೆ ನಷ್ಟ ಒಂದು ವರ್ಷದ ಫಸಲಿನದು.

ಕಾನೂನಿನ ಭಯವೂ ಬೇಡ. 1957ರ ಕೃತಿಸ್ವಾಮ್ಯ ಕಾಯಿದೆಯ 39ನೇ ಕಲಮು ಪ್ರಸಾರವನ್ನು ಸ್ವಂತ ಬಳಕೆಗೆ ದಾಖಲಿಸಿಕೊಳ್ಳಲು ಅವಕಾಶ ಕೊಟ್ಟಿದೆ. ಆದರೆ ಸ್ವಂತ ಬಳಕೆಯೆಂದರೆ ಸ್ವಂತ ಬಳಕೆಯೇ. ಪ್ರತಿ ಮಾಡಿ ಹಂಚುವುದು, ಮಾರುವುದು ಸಲ್ಲದು.

ಆದುದರಿಂದ ನಮ್ಮ ಸಹಕಾರ ಸಂಘಗಳು ಗೊಬ್ಬರ, ಔಷಧಿಗಳ ಜೊತೆಗೆ ಈ ಜೋಡಣೆಯ ಪ್ರಾತ್ಯಕ್ಷಿಕೆಯನ್ನೂ ಮುಂಗಾರಿಗೆ ಮೊದಲೇ ಏರ್ಪಡಿಸಬೇಕೆಂದು ಒತ್ತಾಯಿಸುತ್ತೇವೆ. ಕಂಪ್ಯೂಟರ್ ಬಲ್ಲ ಸದಸ್ಯರ ಮಕ್ಕಳು ಮುಂದೆ ಬರಲಿ. ಟಿ.ವಿ.ಯ ವೇಳೆಗೆ ರೈತ ಕಾಯುವುದು ಸಾಕು. ಇನ್ನು ರೈತನ ವೇಳೆಗೆ ಟಿ.ವಿ. ಕಾಯಲಿ.